ಅತ್ತೆಗೂ ಟಿಕೆಟ್ ಹರಿದವಳು

ಕಂಡಕ್ಟರಮ್ಮನ ಮನೆಯಲ್ಲಿ ಒಂದು ಕಥೆ ಎಲ್ಲರಿಗೂ ಬಾಯಿಪಾಠ. ಅವಳು ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ದಿನ ಅವಳ ಅತ್ತೆ ಆಸ್ಪತ್ರೆ ನಿಲ್ದಾಣದಲ್ಲಿ ಅವಳದೇ ಬಸ್ಸು ಹತ್ತಿದರು. ಮುಂದಿನ ಸೀಟಿನಲ್ಲಿ ಕೂತು, ಚೀಲವನ್ನು ತೊಡೆಯ ಮೇಲಿಟ್ಟುಕೊಂಡು, "ನಮ್ಮ ಸೊಸೇದೇ ಬಸ್ಸು" ಎಂದು ಪಕ್ಕದವಳಿಗೆ ಹೇಳಿಕೊಂಡರು. ಸೊಸೆ ಬಂದು ಕೈ ಚಾಚಿ ನಿಂತಳು.

"ಎಲ್ಲಿಗೆ?"

"ಎಲ್ಲಿಗೆ ಅಂದ್ರೆ? ಮನೆಗೆ."

"ಮನೆ ಮುಂದೆ ಸ್ಟಾಪಿಲ್ಲ. ಮಾರ್ಕೆಟ್ಟಾ, ನೀರಿನ ಟ್ಯಾಂಕಾ?"

ಬಸ್ಸಿನವರೆಲ್ಲ ನೋಡುತ್ತಿದ್ದರು. ಅತ್ತೆ ಮುಖ ಊದಿಸಿಕೊಂಡೇ ಚಿಲ್ಲರೆ ಬಿಚ್ಚಿದರು. ಮನೆಗೆ ಬಂದ ಮೇಲೆ ಒಂದಷ್ಟು ದಿನ ಸೊಸೆಯ ಜೊತೆ ಮಾತು ಬಿಟ್ಟರು. ಮಾತು ಬಿಟ್ಟದ್ದೂ ಎಲ್ಲರ ಎದುರಿಗಲ್ಲ, ಅಡುಗೆಮನೆಯಲ್ಲಿ ಮಾತ್ರ. ಆಮೇಲೆ ಅದೇ ಟಿಕೆಟ್ಟನ್ನು ಪರ್ಸಿನಲ್ಲಿ ಇಟ್ಟುಕೊಂಡು ಬೀದಿಯವರಿಗೆಲ್ಲ ತೋರಿಸಿದರು. ಸೊಸೆಯನ್ನು ಬೈದರೋ ಹೊಗಳಿದರೋ ಯಾರಿಗೂ ಗೊತ್ತಾಗಲಿಲ್ಲ.

ಅತ್ತೆ ಮರೆತರೂ ಅವರ ಮಗಳು ಮರೆಯಲಿಲ್ಲ. ಕಂಡಕ್ಟರಮ್ಮನ ಈ ನಾದಿನಿ ದೊಡ್ಡ ಹೈಸ್ಕೂಲಿನಲ್ಲಿ ಹೆಡ್‌ಮಿಸ್ಟ್ರೆಸ್ ಆಗಿದ್ದವಳು. ನಿವೃತ್ತಿಯ ನಂತರವೂ ಮಾತಿನಲ್ಲಿ ಸೀಮೆಸುಣ್ಣದ ಪುಡಿ ಉದುರುತ್ತಿತ್ತು. ಅತ್ತಿಗೆಯ ಮೇಲೆ ಸಿಟ್ಟು ಬಂದಾಗಲೆಲ್ಲ ಅವಳ ಬಾಯಿಂದ ಬರುತ್ತಿದ್ದದ್ದು ಒಂದೇ ಮಾತು: "ನಮ್ಮಮ್ಮನಿಗೇ ಟಿಕೆಟ್ ಹರಿದವರಲ್ಲವಾ ನೀವು." ಅತ್ತಿಗೆಯ ಉತ್ತರವೂ ಒಂದೇ: "ಚಿಲ್ಲರೆ ಸರಿಯಾಗಿ ಕೊಟ್ಟಿದ್ದೀನಿ."

ಹೀಗೆ ಕಚ್ಚಾಡುತ್ತಲೇ ಇಬ್ಬರೂ ಸೇರಿ ಒಂದು ಸಂಘ ನಡೆಸುತ್ತಿದ್ದರು. ನಾದಿನಿ ಅಧ್ಯಕ್ಷೆ. ಬೇರೆ ದೇಶವೊಂದರ ಗುಡ್ಡದ ಮೇಲಿನ ಸಣ್ಣ ಶಾಲೆಯ ಮಕ್ಕಳನ್ನು ಓದಿಸುವುದು ಸಂಘದ ಕೆಲಸ. ಒಬ್ಬೊಬ್ಬ ಸದಸ್ಯರಿಗೆ ಒಂದೊಂದು ಮಗು. ಮಕ್ಕಳನ್ನು ಹಂಚಿಕೊಂಡ ದಿನ ಮೇಜಿನ ಮೇಲೆ ಫೋಟೋಗಳನ್ನು ಹರಡಿದ್ದರು. ನಗುವ ಮಕ್ಕಳನ್ನೆಲ್ಲ ಬೇಗ ಬೇಗ ಆರಿಸಿಕೊಂಡು ಹೋದರು. ಕೊನೆಗೆ ಉಳಿದವಳು ಒಬ್ಬ ಹುಡುಗಿ. ಹುಬ್ಬು ಗಂಟಿಕ್ಕಿ, ಫೋಟೋ ತೆಗೆಯುವವನ ಹತ್ತಿರ ಟಿಕೆಟ್ ಇದೆಯೇ ಇಲ್ಲವೇ ಎಂದು ಅನುಮಾನಪಡುವ ಹಾಗೆ ನೋಡುತ್ತಿದ್ದಳು.

"ಈ ಗಂಟುಮೋರೆ ಯಾರಿಗೆ?" ಎಂದಳು ನಾದಿನಿ.

"ನನಗೆ ಕೊಡು. ಕೆಲಸಕ್ಕೆ ಬರೋ ಮುಖ ಅದು" ಎಂದಳು ಕಂಡಕ್ಟರಮ್ಮ.

ಅಂದಿನಿಂದ ಆ ಹುಡುಗಿಯ ಹೆಸರು ಮನೆಯಲ್ಲಿ ಗಂಟುಮೋರೆ ಎಂದೇ ಆಯಿತು. ವರ್ಷಕ್ಕೊಂದು ಫೋಟೋ ಬರುತ್ತಿತ್ತು. ಹುಡುಗಿ ಉದ್ದವಾಗುತ್ತಿದ್ದಳು, ಹುಬ್ಬು ಮಾತ್ರ ಹಾಗೇ ಇತ್ತು. ಬಂದ ಫೋಟೋವನ್ನು ಕಂಡಕ್ಟರಮ್ಮ ಗಡಿಯಾರದ ಪಕ್ಕ ಸಿಕ್ಕಿಸುತ್ತಿದ್ದಳು, ಮುದ್ದಾಡುತ್ತಿರಲಿಲ್ಲ. ಮಕ್ಕಳಿಗೆ ಬರೆಯುವ ಪತ್ರದಲ್ಲಿ ಉಳಿದವರು ಪ್ರೀತಿ, ಆಶೀರ್ವಾದ ಎಂದೆಲ್ಲ ಬರೆದರೆ ಇವಳು "ಲೆಕ್ಕ ಚೆನ್ನಾಗಿ ಕಲಿ. ಚಿಲ್ಲರೆ ಎಣಿಸದೆ ತಗೋಬೇಡ" ಎಂದು ಬರೆಸುತ್ತಿದ್ದಳು.

ಆ ವರ್ಷ ಇಬ್ಬರೂ ಶಾಲೆಯನ್ನು ನೋಡಲು ಹೊರಟದ್ದಕ್ಕೆ ಕಾರಣವಿತ್ತು. ಗುಡ್ಡದ ಶಾಲೆಯ ಓದು ಮುಗಿದ ಮೇಲೆ ಮುಂದಿನ ಓದಿಗೆ ಬಂದರು ಪಟ್ಟಣದ ದೊಡ್ಡ ಶಾಲೆಗೆ ಹೋಗಬೇಕು. ಅಲ್ಲೇ ಹಾಸ್ಟೆಲಿನಲ್ಲಿ ಇರಬೇಕು. ಸಂಘದ ಕೈಯಲ್ಲಿ ಆಗುವುದು ಒಂದೇ ಸೀಟು. ಶಾಲೆಯಿಂದ ಇಬ್ಬರ ಹೆಸರು ಬಂದಿತ್ತು. ಒಬ್ಬಳು ಗಂಟುಮೋರೆ, ಇನ್ನೊಬ್ಬ ಅವಳದೇ ತರಗತಿಯ ಹುಡುಗ. ಅಂಕ ಸಮಸಮ. ಆದ್ದರಿಂದ ಅಧ್ಯಕ್ಷೆ ತಾನೇ ಹೋಗಿ, ಸಮಾರಂಭದ ದಿನ ಇಬ್ಬರನ್ನೂ ಮಾತಾಡಿಸಿ, ಹಿಂತಿರುಗುವ ಮೊದಲು ಸೀಟು ಯಾರಿಗೆಂದು ಹೇಳಬೇಕು. ಸಂದರ್ಶನಕ್ಕೆ ಬಾರದವರಿಗೆ ಸೀಟಿಲ್ಲ ಎಂಬ ನಿಯಮವನ್ನೂ ಅವಳೇ ಬರೆದಿದ್ದಳು.

"ಅತ್ತಿಗೆ, ಬರೋದಾದ್ರೆ ಬನ್ನಿ. ಆದ್ರೆ ನಿಮ್ಮ ಹುಡುಗಿ ಪರವಾಗಿ ಒಂದು ಮಾತು ಆಡಕೂಡದು."

"ಆಡಲ್ಲ. ಅವಳಿಗೆ ಬಾಯಿಲ್ವಾ?"

ಆಡದಿದ್ದರೂ ಆಸೆಯಿತ್ತು. ವಿಮಾನದಲ್ಲಿ ಕಿಟಕಿಯ ಹೊರಗೆ ನೋಡುತ್ತ ಕೂತವಳ ತಲೆಯಲ್ಲಿ ಒಂದೇ ಯೋಚನೆ. ಆ ಹುಡುಗಿ ಗುಡ್ಡ ಇಳಿಯಬೇಕು, ಪಟ್ಟಣದ ಶಾಲೆಯ ಮೆಟ್ಟಿಲು ಹತ್ತಬೇಕು. ತಾನು ಓದು ನಿಲ್ಲಿಸಿದ ವಯಸ್ಸು ಅದು. ಅದನ್ನು ನೆನೆದು ಅಳುವ ಅಭ್ಯಾಸ ಕಂಡಕ್ಟರಮ್ಮನಿಗೆ ಇರಲಿಲ್ಲ. ಆದರೆ ಇನ್ನೊಬ್ಬರ ಓದೂ ಅದೇ ನಿಲ್ದಾಣದಲ್ಲಿ ನಿಲ್ಲುವುದನ್ನು ನೋಡುವ ಮನಸ್ಸೂ ಇರಲಿಲ್ಲ.

ಆ ದೇಶದಲ್ಲಿ ಇವರ ಮಾತನ್ನು ಅವರಿಗೆ, ಅವರ ಮಾತನ್ನು ಇವರಿಗೆ ತಿಳಿಸಲು ಒಬ್ಬಳನ್ನು ಗೊತ್ತುಮಾಡಿದ್ದರು. ನಮ್ಮ ಭಾಷೆಯವಳೇ, ಮದುವೆಯಾಗಿ ಅಲ್ಲಿಗೆ ಹೋದವಳು. ಒಳ್ಳೆಯ ಹೆಂಗಸು. ಎಷ್ಟು ಒಳ್ಳೆಯವಳೆಂದರೆ ಯಾರ ಒರಟು ಮಾತನ್ನೂ ಒರಟಾಗಿ ದಾಟಿಸಲಾರಳು. ಬಸ್ಸಿನಲ್ಲಿ ಒಬ್ಬ ಮುದುಕ ಕೈ ಬೀಸಿ ಬೀಸಿ ಏನೋ ಕೂಗಾಡಿದ. ಈಕೆ ತಿರುಗಿ, "ಸ್ವಲ್ಪ ಜರುಗಿ ಅಂತಿದ್ದಾರೆ" ಎಂದಳು.

"ಇಷ್ಟುದ್ದ ಬೈದದ್ದು ಇಷ್ಟೇನಾ?" ಎಂದು ಕಂಡಕ್ಟರಮ್ಮ ನಕ್ಕಳು. "ನೀನು ಅರ್ಧ ದಾರೀಲೇ ಇಳಿಸಿಬಿಟ್ಟೆ, ತಾಯಿ."

ಗುಡ್ಡಕ್ಕೆ ದಿನಕ್ಕೆ ಒಂದೇ ಬಸ್ಸು. ಬೆಳಿಗ್ಗೆ ಹತ್ತುತ್ತದೆ, ಮೂರು ಗಂಟೆಗೆ ಇಳಿಯುತ್ತದೆ. ಮೇಷ್ಟ್ರು ರಸ್ತೆಯ ತನಕ ಬಂದು ಕಾದಿದ್ದರು. ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಹೂಗುಚ್ಛ. ಶಾಲೆಯಲ್ಲಿ ಇಬ್ಬರೇ ಮೇಷ್ಟ್ರು, ಇನ್ನೊಬ್ಬರು ಕಾಯಿಲೆಯಾಗಿ ಊರಿಗೆ ಹೋಗಿದ್ದಾರೆ ಎಂದು ದಾರಿಯಲ್ಲಿ ಹೇಳಿದರು. ತಗ್ಗಿನಲ್ಲಿ ದೊಡ್ಡ ಮಕ್ಕಳ ಕೋಣೆ, ಅದರ ಮುಂದೆ ಅಂಗಳ. ಗುಡ್ಡದ ಏರಿನಲ್ಲಿ ಇನ್ನೊಂದು ಕೋಣೆ, ತಗಡಿನ ಮಾಡು, ನೀಲಿ ಬಾಗಿಲು. ಅಂಗಳದಲ್ಲಿ ಎರಡು ಕುರ್ಚಿಗಳಿಗೆ ಬಿಳಿ ಬಟ್ಟೆ ಹೊದಿಸಿದ್ದರು.

ಊಟ, ಸ್ವಾಗತ ಭಾಷಣ, ಹಾಡು ಎಲ್ಲ ಆಯಿತು. ಸೀಟಿಗೆ ಹೆಸರು ಬಂದಿದ್ದ ಹುಡುಗ ಎದೆ ಸೆಟೆಸಿ ನಿಂತು ಧನ್ಯವಾದ ಹೇಳಿದ. ಎಲ್ಲೂ ತಡವರಿಸಲಿಲ್ಲ. ನಾದಿನಿ ಅವನನ್ನು ಪಕ್ಕಕ್ಕೆ ಕರೆದು ಪ್ರಶ್ನೆಗಳನ್ನು ಕೇಳಿದಳು. ಓದಿ ಏನಾಗುತ್ತೀ ಎಂದದ್ದಕ್ಕೆ, ನಿಮ್ಮಂತೆ ಬಡವರ ಸೇವೆ ಮಾಡುತ್ತೇನೆ ಎಂದ. ನಾದಿನಿಗೆ ಮೆಚ್ಚಿಕೆಯಾಯಿತು.

ಕಂಡಕ್ಟರಮ್ಮ ಕುರ್ಚಿಯಲ್ಲಿ ಕೂತಲ್ಲೇ ತಲೆ ಎಣಿಸುತ್ತಿದ್ದಳು. ಅದು ಅವಳ ಕಣ್ಣಿನ ಚಾಳಿ. ನಾಲ್ಕು ಜನ ಗುಂಪಾಗಿ ನಿಂತರೂ ಸಾಕು, ಎಷ್ಟು ಹತ್ತಿದರು, ಎಷ್ಟು ಇಳಿದರು ಎಂದು ಒಳಗೆ ಲೆಕ್ಕ ನಡೆಯುತ್ತದೆ. ಸಾಲಿನಲ್ಲಿ ಗಂಟುಮೋರೆ ಇಲ್ಲ. ಅಷ್ಟೇ ಅಲ್ಲ, ಒಂದು ಚಿಕ್ಕ ಮಗುವೂ ಇಲ್ಲ.

"ಚಿಕ್ಕವರೆಲ್ಲ ಎಲ್ಲಿ? ನನ್ನ ಹುಡುಗಿ ಎಲ್ಲಿ? ಕೇಳು."

ಮೇಷ್ಟ್ರ ಮುಖ ಸಣ್ಣದಾಯಿತು. ಏರಿನ ಕೋಣೆಯ ಕಡೆಗೆ ಕೈ ತೋರಿಸಿ ಬಹಳ ಹೊತ್ತು ಮಾತಾಡಿದರು. ದುಭಾಷಿ ಹೆಂಗಸು, "ಪಾಠ ಮಾಡ್ತಿದ್ದಾಳಂತೆ. ಸ್ವಲ್ಪ ಹೊತ್ತಲ್ಲಿ ಬರ್ತಾಳಂತೆ" ಎಂದಳು.

"ಅಷ್ಟೇನಾ ಹೇಳಿದ್ದು?"

ಆಕೆ ತುಟಿ ಕಚ್ಚಿಕೊಂಡಳು. "ಎರಡು ಸಲ ಹೇಳಿ ಕಳಿಸಿದರಂತೆ ಅಮ್ಮ. ಪಾಠ ಮುಗಿದ ಮೇಲೆ ಬರ್ತೀನಿ, ಅಲ್ಲೀ ತನಕ ಯಾರನ್ನೂ ಕಳಿಸಬೇಡಿ ಅಂದಳಂತೆ. ಈ ಹುಡುಗಿ ಹೀಗೇ, ದಯವಿಟ್ಟು ಮನಸ್ಸಿಗೆ ಹಚ್ಚಿಕೋಬೇಡಿ ಅಂತಿದ್ದಾರೆ."

ನಾದಿನಿ ಕೈಗಡಿಯಾರ ನೋಡಿಕೊಂಡಳು. "ಪಾಠ ಎಷ್ಟು ಹೊತ್ತಿಗೆ ಬಿಡುತ್ತೆ?"

ಬಸ್ಸು ಹೋದ ಮೇಲೆ, ಎಂದು ಉತ್ತರ ಬಂತು.

"ಹಾಗಾದ್ರೆ ಸಂದರ್ಶನ ಇಲ್ಲ. ಸಂದರ್ಶನ ಇಲ್ಲ ಅಂದ್ರೆ ಸೀಟಿಲ್ಲ. ಅತ್ತಿಗೆ, ಹಾಗೆ ನೋಡಬೇಡಿ. ಸಮುದ್ರ ದಾಟಿ ಬಂದಿದ್ದೀವಿ. ಅವಳು ನೂರು ಹೆಜ್ಜೆ ಇಳಿದು ಬರೋಕಾಗಲ್ವಾ?"

ಕಂಡಕ್ಟರಮ್ಮ ತುಟಿ ಎರಡು ಮಾಡಲಿಲ್ಲ. ಮಾತು ಕೊಟ್ಟಿದ್ದಳಲ್ಲ. ಆದರೆ ಸಿಟ್ಟು ಅವಳಿಗೂ ಬಂದಿತ್ತು. ಇಷ್ಟು ವರ್ಷ ಗೋಡೆಯ ಮೇಲಿದ್ದವಳು ಎದುರಿಗೆ ಬಂದು ನಿಲ್ಲಲಾರಳೇ? ಎದ್ದಳು, ಏರು ಹತ್ತಿದಳು. ಬಾಗಿಲು ತಳ್ಳಿ, ಕಿವಿ ಹಿಂಡಿ ಎಳೆದು ತರುತ್ತೇನೆ ಎಂದುಕೊಂಡೇ ಹತ್ತಿದಳು.

ಕಿಟಕಿಗೆ ಗಾಜಿರಲಿಲ್ಲ, ಸರಳುಗಳಷ್ಟೇ. ಒಳಗೆ ಚಿಕ್ಕ ಮಕ್ಕಳು ಬೆಂಚಿನ ಮೇಲೆ ಒತ್ತಿಕೊಂಡು ಕೂತಿದ್ದರು. ಹಲಗೆಯ ಹತ್ತಿರ ಗಂಟುಮೋರೆ. ಫೋಟೋದಲ್ಲಿ ಕಂಡದ್ದಕ್ಕಿಂತ ಉದ್ದ, ತೋಳು ಗಿಡ್ಡವಾದ ಸ್ವೆಟರು, ಬೆರಳ ತುದಿಯಷ್ಟೇ ಉಳಿದ ಸೀಮೆಸುಣ್ಣ. ಒಂದು ಪುಟ್ಟ ಹುಡುಗಿ ನಿಂತು ಪುಸ್ತಕದ ಸಾಲಿನ ಮೇಲೆ ಬೆರಳಿಟ್ಟು ಓದುತ್ತಿತ್ತು. ಒಂದು ಪದದ ಹತ್ತಿರ ಬೆರಳು ನಿಂತಿತು. ಪಕ್ಕದವನು ಪಿಸುಗುಟ್ಟಲು ಹೋದ. ಗಂಟುಮೋರೆ ಅವನ ಕಡೆ ಒಮ್ಮೆ ನೋಡಿದಳು, ಅವನು ಬಾಯಿ ಮುಚ್ಚಿಕೊಂಡ. ಅಂಗಳದಿಂದ ಮತ್ತೆ ಹಾಡು ಕೇಳುತ್ತಿತ್ತು. ಯಾರೂ ಆ ಕಡೆ ತಿರುಗಲಿಲ್ಲ. ಇಡೀ ಕೋಣೆ ಆ ಬೆರಳನ್ನೇ ನೋಡುತ್ತಿತ್ತು. ಪುಟ್ಟ ಹುಡುಗಿ ಎರಡು ಸಲ ಎಡವಿ, ಮೂರನೇ ಸಲ ಪದವನ್ನು ಹಿಡಿದು, ಸಾಲು ಮುಗಿಸಿ ಕೂತಿತು. ಗಂಟುಮೋರೆ ತಲೆಯಾಡಿಸಿ ಮುಂದಿನವನ ಕಡೆ ತಿರುಗಿದಳು.

ಆಗ ಕಿಟಕಿಯಲ್ಲಿದ್ದ ಮುಖ ಅವಳಿಗೆ ಕಂಡಿತು. ಯಾರೆಂದು ಅವಳಿಗೆ ಗೊತ್ತಾಗಿರಲೇಬೇಕು, ಆ ಗುಡ್ಡದಲ್ಲಿ ಅಂದು ಬೇರೆ ಹೊಸ ಮುಖವಿರಲಿಲ್ಲ. ಅವಳು ಅಂಗೈ ಎತ್ತಿ ತೋರಿಸಿದಳು. ನಿಲ್ಲಿ, ಇಳಿಯುವವರು ಇಳಿಯಲಿ, ಆಮೇಲೆ ಹತ್ತಿ.

ಕಂಡಕ್ಟರಮ್ಮ ಆ ಅಂಗೈಯನ್ನು ಗುರುತು ಹಿಡಿದಳು. ಜೀವಮಾನವಿಡೀ ಬಾಗಿಲಲ್ಲಿ ನಿಂತು ತೋರಿಸಿದ್ದು ಅದನ್ನೇ. ಅದು ತನ್ನ ಕಡೆಗೇ ತಿರುಗಿದ್ದು ಇದೇ ಮೊದಲು. ನಿಂತಳು.

ನಿಂತಲ್ಲಿ ಡಿಪೋದ ನೆನಪು ಬಂತು. ಒಂದೂ ದೂರಿಲ್ಲದೆ ಕೆಲಸ ಮಾಡಿದ್ದಕ್ಕೆ ಅವಳಿಗೆ ಸನ್ಮಾನ ಇಟ್ಟಿದ್ದರು. ಪೆಂಡಾಲು, ಮೈಕು, ಗಾಜಿನ ಚೌಕಟ್ಟು ಹಾಕಿದ ಪ್ರಶಸ್ತಿಪತ್ರ. ದೊಡ್ಡ ಸಾಹೇಬರು ಬರುವುದು ತಡವಾಯಿತು. ಅಷ್ಟರಲ್ಲಿ ಅವಳ ಬಸ್ಸಿನ ಹೊತ್ತಾಯಿತು. ಒಂದು ದಿನ ತಡವಾದರೆ ಏನು ಮುಳುಗುತ್ತೆ ಎಂದು ಮ್ಯಾನೇಜರು ಕೈ ಅಡ್ಡ ಹಿಡಿದರು. ಇವಳು ಅದರಡಿಯಲ್ಲೇ ನುಸುಳಿ ಹೋಗಿ, ಬಸ್ಸು ಹತ್ತಿ, ಸೀಟಿ ಊದಿಬಿಟ್ಟಳು. ಸಾಹೇಬರು ಬಂದು ಹಾಡಿ ಹೊಗಳಿದ್ದು ಖಾಲಿ ಕುರ್ಚಿಯನ್ನು. ಪ್ರಶಸ್ತಿಪತ್ರವನ್ನು ಆಮೇಲೆ ಅಟೆಂಡರ್ ಮನೆಗೆ ತಂದುಕೊಟ್ಟ. ಆ ಕಥೆಯನ್ನು ಹೇಳುವಾಗ ಅವಳ ಕತ್ತು ಇಂದಿಗೂ ಉದ್ದವಾಗುತ್ತದೆ.

ಅಂಥವಳು ಈಗ ಪಾಠದ ಹೊತ್ತಿಗೆ ಬಂದು, ಶಾಲೆ ನಿಲ್ಲಿಸಿ, ಬಿಳಿ ಬಟ್ಟೆ ಹೊದಿಸಿದ ಕುರ್ಚಿಯಲ್ಲಿ ಕೂತಿದ್ದಾಳೆ. ದೊಡ್ಡ ಸಾಹೇಬರ ಜಾಗದಲ್ಲಿ. ಸಿಟ್ಟು ಇಳಿಯಿತು, ಬೇರೇನೋ ಏರಿತು. ನಾಚಿಕೆಯಲ್ಲ, ನಾಚಿಕೆಪಡುವ ಜಾತಿಯವಳಲ್ಲ ಅವಳು. ಗಡಿಯಾರದ ಪಕ್ಕದ ಆ ಮುಖವನ್ನು ತಾನು ಸರಿಯಾಗಿಯೇ ಆರಿಸಿದ್ದೆ ಎಂಬ ಹೆಮ್ಮೆ ಅದು.

ಹಿಂದೆ ಏದುಸಿರು ಕೇಳಿತು. ನಾದಿನಿ ಏರು ಹತ್ತಿ ಬಂದಿದ್ದಳು, ಅವಳ ಹಿಂದೆ ದುಭಾಷಿ.

"ಏನು ಅತ್ತಿಗೆ, ಕರೆದುಕೊಂಡು ಬರ್ತೀನಿ ಅಂತ ಬಂದವರು ಇಲ್ಲೇ ಬೇರು ಬಿಟ್ರಾ?"

"ಮಾತಾಡಲ್ಲ ಅಂದಿದ್ದೀನಿ. ನೀನೇ ನೋಡು."

ನಾದಿನಿ ಕಿಟಕಿಯಲ್ಲಿ ಇಣುಕಿದಳು. ಒಳಗೆ ಒಬ್ಬ ಹುಡುಗ ಓದುತ್ತಿದ್ದ. ಅವನ ಸಾಲು ಮುಗಿಯುವವರೆಗೂ ನಾದಿನಿ ಅಲುಗಾಡಲಿಲ್ಲ. ಆಮೇಲೆ ಕಿಟಕಿಯಿಂದ ಎರಡು ಹೆಜ್ಜೆ ಹಿಂದೆ ಸರಿದಳು, ತನ್ನ ನೆರಳು ಒಳಗೆ ಬೀಳಬಾರದೆಂಬಂತೆ.

"ಪಾಠ ನಡೀವಾಗ ಇನ್‌ಸ್ಪೆಕ್ಟರನ್ನೂ ಒಳಗೆ ಬಿಟ್ಟವಳಲ್ಲ ನಾನು" ಎಂದಳು, ದನಿ ತಗ್ಗಿಸಿ. "ನನಗೇ ಹೊಳೀಲಿಲ್ಲವಲ್ಲ. ಕೆಲಸದ ದಿನ ಸಮಾರಂಭ ಇಟ್ಟವಳು ನಾನೇ."

"ಈಗೇನು ಮಾಡ್ತೀ?"

"ಕಾಯ್ತೀನಿ."

ಅಷ್ಟರಲ್ಲಿ ಕೆಳಗೆ ಬಸ್ಸು ಹಾರ್ನ್ ಹೊಡೆಯಿತು. ದುಭಾಷಿ ಗಾಬರಿಯಾಗಿ ಓಡಿ ಹೋಗಿ, ಖುಷಿಯಾಗಿ ಹಿಂದೆ ಬಂದಳು. "ನಿಮಗೋಸ್ಕರ ನಿಲ್ಲಿಸ್ತಾರಂತೆ ಅಮ್ಮ. ದೂರದ ಅತಿಥಿಗಳು, ಎಷ್ಟು ಹೊತ್ತಾದ್ರೂ ಪರವಾಗಿಲ್ಲ ಅಂದ್ರು ಡ್ರೈವರು."

ಕಂಡಕ್ಟರಮ್ಮನ ಕಿವಿ ನೆಟ್ಟಗಾಯಿತು. "ಬಸ್ಸು ನಿಲ್ಲಿಸೋದಾ? ನನಗೋಸ್ಕರನಾ?"

ದಡದಡ ಇಳಿದು ಹೋದಳು. ಬಸ್ಸಿನ ತುಂಬ ಜನ. ಕಾಲಿಗೆ ಬ್ಯಾಂಡೇಜು ಸುತ್ತಿಕೊಂಡ ಮುದುಕಿ, ಮಡಿಲಲ್ಲಿ ಜ್ವರದ ಮಗು ಇಟ್ಟುಕೊಂಡ ತಾಯಿ, ಸಂತೆಗೆ ಹೊರಟ ಮೂಟೆಗಳು. ಇವರೆಲ್ಲ ತಮ್ಮಿಬ್ಬರಿಗಾಗಿ ಬಿಸಿಲಲ್ಲಿ ಬೇಯಬೇಕೇ? ಡ್ರೈವರ್ ನಗುತ್ತ ಹತ್ತಿ ಎಂದು ಸನ್ನೆ ಮಾಡಿದ. ಕಂಡಕ್ಟರಮ್ಮ ತನ್ನ ಕೈಗಡಿಯಾರವನ್ನು ಅವನ ಮುಖದ ಹತ್ತಿರ ಹಿಡಿದು ತೋರಿಸಿದಳು. ಹಿಂದಕ್ಕೆ ಹೋಗಿ, ಬಸ್ಸಿನ ತಗಡಿನ ಮೇಲೆ ಅಂಗೈಯಿಂದ ಎರಡು ಏಟು ಬಾರಿಸಿದಳು.

"ರೈಟ್. ರೈಟ್."

ಕೆಲವು ಮಾತುಗಳಿಗೆ ದುಭಾಷಿ ಬೇಕಾಗುವುದಿಲ್ಲ. ಬಸ್ಸು ಹೊರಟಿತು. ನಾದಿನಿ ಏರಿನ ಮೇಲಿಂದ ಅದರ ಧೂಳನ್ನು ನೋಡುತ್ತಿದ್ದಳು.

"ನಮ್ಮನ್ನೇ ಬಿಟ್ಟು ಕಳಿಸಿದ್ರಲ್ಲ ಅತ್ತಿಗೆ. ರಾತ್ರಿ ಮಲಗೋದು ಎಲ್ಲಿ?"

"ಬೆಂಚಿನ ಮೇಲೆ. ನಿನ್ನ ಸ್ಕೂಲಲ್ಲಿ ಎಷ್ಟು ಮಕ್ಕಳು ಮಲಗಿಲ್ಲ?"

ಪಾಠ ಬಿಟ್ಟಿತು. ಚಿಕ್ಕವರು ಹೊರಗೆ ಹರಿದು ಬಂದರು. ಕೊನೆಗೆ ಗಂಟುಮೋರೆ ಬಂದಳು. ಬಾಗಿಲ ಚಿಲಕ ಹಾಕಿದಳು, ಕೊಡದ ನೀರಿನಲ್ಲಿ ಕೈಯ ಸೀಮೆಸುಣ್ಣ ತೊಳೆದುಕೊಂಡಳು, ಆಮೇಲೆ ಎದುರಿಗೆ ಬಂದು ನಿಂತಳು. ಓದಿಸುತ್ತಿರುವುದಕ್ಕೆ ಧನ್ಯವಾದ ಹೇಳಿದಳು. ಒಂದೇ ಸಲ, ಪೂರ್ತಿ ವಾಕ್ಯದಲ್ಲಿ.

ನಾದಿನಿ ಮೆಟ್ಟಿಲ ಮೇಲೆ ಕೂತೇ ಸಂದರ್ಶನ ಶುರು ಮಾಡಿದಳು. "ಇವತ್ತು ಸೀಟಿನ ತೀರ್ಮಾನ ಅಂತ ಗೊತ್ತಿತ್ತಾ?"

ಗೊತ್ತಿತ್ತು.

"ಆದ್ರೂ ಯಾಕೆ ಬರಲಿಲ್ಲ?"

ಹುಡುಗಿ ಹೇಳಿದಳು. ದುಭಾಷಿ ಮೆತ್ತಗಿನ ಮಾತು ಹುಡುಕತೊಡಗಿದಳು. ಕಂಡಕ್ಟರಮ್ಮ, "ನುಣ್ಣಗೆ ಮಾಡಬೇಡ. ಬಂದ ಹಾಗೇ ದಾಟಿಸು" ಎಂದಳು.

"ಮೇಷ್ಟ್ರು ನಿಮ್ಮನ್ನ ಕರೆತರೋಕೆ ಹೋಗಿದ್ರು. ಚಿಕ್ಕವರಿಗೆ ಯಾರೂ ಇರಲಿಲ್ಲ. ಇವತ್ತು ಎಲ್ಲರೂ ಒಂದೊಂದು ಸಾಲು ಓದಬೇಕು ಅಂತ ಹೇಳಿದ್ದೆ. ಅರ್ಧ ಜನ ಓದಿದ ಮೇಲೆ ಬಿಟ್ಟು ಬಂದ್ರೆ ಉಳಿದರ್ಧ ಏನಂದುಕೋತಾರೆ? ಮುಂದಿನ ಸಲ ರಜೆ ದಿನ ಬನ್ನಿ."

ನಾದಿನಿ ಕೆಮ್ಮಿದಳು. ಹುಡುಗನಿಗೆ ಕೇಳಿದ್ದ ಪ್ರಶ್ನೆಗಳನ್ನೇ ಒಂದೂ ಬಿಡದೆ ಇವಳಿಗೂ ಕೇಳಿದಳು. ಲೆಕ್ಕದಲ್ಲಿ ಒಂದು ತಪ್ಪಿತು. ಓದಿ ಏನಾಗುತ್ತೀ ಎಂದದ್ದಕ್ಕೆ, ಓದಿ ಮುಗಿಸಿದ ಮೇಲೆ ಹೇಳುತ್ತೇನೆ ಎಂದಳು.

ಎಲ್ಲ ಮುಗಿದ ಮೇಲೆ ಹುಡುಗಿಯೇ ಕಂಡಕ್ಟರಮ್ಮನ ಕಡೆ ತಿರುಗಿ ಏನೋ ಕೇಳಿದಳು. ನೀವು ಏನು ಕೆಲಸ ಮಾಡುತ್ತಿದ್ದಿರಿ ಎಂದು.

"ಬಸ್ ಕಂಡಕ್ಟರ್."

ಹುಡುಗಿ ಖಾಲಿ ರಸ್ತೆಯನ್ನು ನೋಡಿದಳು, ಇವಳನ್ನು ನೋಡಿದಳು. "ಕಂಡಕ್ಟರ್ ಆಗಿದ್ದವರು ಬಸ್ಸು ತಪ್ಪಿಸಿಕೊಂಡ್ರಾ?"

"ತಪ್ಪಿಸಿಕೊಂಡಿಲ್ಲ. ಹೊತ್ತಿಗೆ ಸರಿಯಾಗಿ ಕಳಿಸಿದ್ದೀನಿ."

ದುಭಾಷಿ ಅದನ್ನು ದಾಟಿಸಿದಳು. ಆಗ ಇಷ್ಟು ವರ್ಷದ ಫೋಟೋಗಳಲ್ಲಿ ಬಿಚ್ಚದಿದ್ದ ಹುಬ್ಬು ಬಿಚ್ಚಿತು. ಜಾಸ್ತಿ ಹೊತ್ತಲ್ಲ. ಫೋಟೋ ತೆಗೆಯೋಣವೆಂದು ದುಭಾಷಿ ಮೊಬೈಲು ಎತ್ತುವಷ್ಟರಲ್ಲಿ ಮತ್ತೆ ಗಂಟಿಕ್ಕಿಕೊಂಡಿತು.

ಮರುದಿನದ ಬಸ್ಸಿಗೆ ಕಂಡಕ್ಟರಮ್ಮ ಎಲ್ಲರಿಗಿಂತ ಮೊದಲು ಬಂದು ನಿಂತಿದ್ದಳು. ಬೆಂಚಿನ ಮೇಲೆ ಮಲಗಿ ಸೊಂಟ ಹಿಡಿದಿತ್ತು, ಹೇಳಲಿಲ್ಲ. ಸೀಟಿನ ವಿಷಯವನ್ನೂ ಕೇಳಲಿಲ್ಲ. ಬೆಳಿಗ್ಗೆ ನಾದಿನಿ ಮೇಷ್ಟ್ರ ಜೊತೆ ಒಳಗೆ ಕೂತು ಮಾತಾಡಿದ್ದಳು. ಹೊರಗೆ ಬಂದಾಗ ಮುಖದಲ್ಲಿ ಏನೂ ಇರಲಿಲ್ಲ. ಫಲಿತಾಂಶ ಒಳಗಿಟ್ಟುಕೊಂಡು ಓಡಾಡುವ ಹೆಡ್‌ಮಿಸ್ಟ್ರೆಸ್ ಮುಖ ಅದು.

ಬಸ್ಸಿನ ಕಂಡಕ್ಟರ್ ಹರೆಯದ ಹೆಂಗಸು. ಇವರ ಹತ್ತಿರ ಬಂದು, ಅತಿಥಿಗಳಿಗೆ ಟಿಕೆಟ್ ಬೇಡ ಎಂಬಂತೆ ಕೈಯಾಡಿಸಿದಳು. ಕಂಡಕ್ಟರಮ್ಮ ಹಣ ಚಾಚಿಕೊಂಡೇ ಕೂತಿದ್ದಳು.

"ಹರೀಲೇಬೇಕು ಅಂತ ಹೇಳು. ಮೂವರಿಗೂ" ಎಂದಳು ದುಭಾಷಿಗೆ.

ಆ ಹೆಂಗಸು ನಗುತ್ತ ಮೂರು ಟಿಕೆಟ್ ಹರಿದಳು. ನಾದಿನಿ ತನ್ನ ಟಿಕೆಟ್ಟನ್ನು ತಿರುಗಿಸಿ ಮುರುಗಿಸಿ ನೋಡಿ ಪರ್ಸಿನಲ್ಲಿಟ್ಟುಕೊಂಡಳು. ಬಸ್ಸು ಎರಡು ತಿರುವು ಇಳಿಯಿತು.

"ಆ ಹುಡುಗನಿಗೆ ಬೇರೆ ಸಂಘ ಹುಡುಕಬೇಕು ಅತ್ತಿಗೆ" ಎಂದಳು ನಾದಿನಿ, ಕಿಟಕಿಯ ಹೊರಗೆ ನೋಡುತ್ತ. "ಬುದ್ಧಿವಂತ. ಬಿಡೋ ಹಾಗಿಲ್ಲ. ಹುಡುಕೇ ಹುಡುಕ್ತೀನಿ."

ಕಂಡಕ್ಟರಮ್ಮ ತಿರುಗಿ ನೋಡಿದಳು.

"ನಿಮ್ಮ ಗಂಟುಮೋರೆ ಬಂದರು ಪಟ್ಟಣಕ್ಕೆ ಹೋಗ್ತಾಳೆ. ಅಂಕ ಇಬ್ಬರದೂ ಒಂದೇ. ಆದ್ರೆ ಅವಳು ಸಮಯ ಬಂದ್ರೆ ನಮ್ಮಮ್ಮನಿಗೂ ಟಿಕೆಟ್ ಹರೀತಾಳೆ."

ಅಷ್ಟು ವರ್ಷಗಳಲ್ಲಿ ನಾದಿನಿ ಆ ಮಾತನ್ನು ಆ ದನಿಯಲ್ಲಿ ಹೇಳಿದ್ದು ಅದೇ ಮೊದಲು. ಕಂಡಕ್ಟರಮ್ಮ ಸೀಟಿನಲ್ಲಿ ನೆಟ್ಟಗೆ ಕೂತಳು.

"ಚಿಲ್ಲರೆ ಸರಿಯಾಗಿ ಕೊಡ್ತಾಳೆ" ಎಂದಳು.